ನಾಲ್ಕು ಡಬ್ಬಿ ಚಿತ್ರ, ಮತ್ತೆ ಆ ನೀರಿನ ಸದ್ದು

ಏಳನೇ ಕ್ಲಾಸಲ್ಲಿದ್ದಾಗ ನಮ್ಮನ್ನ ಕುಡಿಯೋ ನೀರು ಶುದ್ಧ ಮಾಡೋ ಘಟಕ ನೋಡೋಕೆ ಕರ್ಕೊಂಡು ಹೋಗಿದ್ರು. ಯಾರೂ ಆಸೆಪಟ್ಟು ಕೇಳಿದ ಜಾಗ ಅಲ್ಲ ಅದು. ಪಕ್ಕದ ಸೆಕ್ಷನ್‌ನವರಿಗೆ ಮೃಗಾಲಯ ಸಿಕ್ಕಿತ್ತು, ನಮಗೆ ಇದು, ಬಸ್ ಹತ್ತೋವಾಗ ಅರ್ಧ ಜನರ ಮುಖ ಸಪ್ಪಗಿತ್ತು. ನನಗಂತೂ ಆ ಪಾಠ ಬಾಯಿಪಾಠ ಆಗಿತ್ತು. ಪುಸ್ತಕದಲ್ಲಿ ನಾಲ್ಕು ಡಬ್ಬಿ, ಒಂದರಿಂದ ಇನ್ನೊಂದಕ್ಕೆ ಬಾಣದ ಗುರುತು, ಮೊದಲನೇದರಲ್ಲಿ ಪಟಿಕ ಹಾಕೋದು, ಎರಡನೇದರಲ್ಲಿ ತಿಳಿಯಾಗೋದು, ಮೂರನೇದರಲ್ಲಿ ಮರಳಲ್ಲಿ ಸೋಸೋದು, ನಾಲ್ಕನೇದರಲ್ಲಿ ಕ್ಲೋರಿನ್. ಟೆಸ್ಟಲ್ಲಿ ಆ ಚಿತ್ರಕ್ಕೆ ಐದಕ್ಕೆ ಐದು ಬಂದಿತ್ತು.

ಗೇಟ್ ಒಳಗೆ ಕಾಲಿಟ್ಟಾಗ ಮೊದಲು ಗೊತ್ತಾಗಿದ್ದು ಸದ್ದು. ಅದೂ ಕಿವಿಗಲ್ಲ, ಪಾದಕ್ಕೆ. ಪಂಪ್‌ಗಳು ಓಡ್ತಾ ಇರೋದು ನೆಲದಿಂದ ಮೊಣಕಾಲವರೆಗೂ ಬರ್ತಿತ್ತು. ಆಮೇಲೆ ಕ್ಲೋರಿನ್ ವಾಸನೆ. ಆಮೇಲೆ ಆ ಎರಡನೇ ಡಬ್ಬಿ, ಅಂದ್ರೆ ನೀರು ತಿಳಿಯಾಗೋ ತೊಟ್ಟಿ, ನಮ್ಮ ಇಡೀ ಸ್ಕೂಲ್ ಅದರೊಳಗೆ ಮುಳುಗಿಹೋಗುತ್ತೇನೋ ಅನ್ನೋ ಹಾಗಿತ್ತು, ಮತ್ತೆ ಅಲ್ಲಿ ನೀರು ಏನೂ ಮಾಡ್ತಾ ಇರ್ಲಿಲ್ಲ, ಸುಮ್ನೆ ನಿಂತಿತ್ತು. ಅಲ್ಲಿ ಕೆಲಸ ಮಾಡ್ತಿದ್ದ ಒಬ್ಬರು, ತೋಳಿನ ತನಕ ಒದ್ದೆ ಆಗಿದ್ದ ಶರ್ಟು ಹಾಕ್ಕೊಂಡಿದ್ದವರು, ಎರಡು ಗಾಜಿನ ಜಾರ್ ತಂದು ನಮ್ಮ ಮುಂದೆ ಇಟ್ರು. ಎರಡರಲ್ಲೂ ಒಂದೇ ಕೆಂಪು ನೀರು. ಒಂದಕ್ಕೆ ಮಾತ್ರ ಪಟಿಕದ ನೀರು ಒಂಚೂರು ಹಾಕಿ ಕಲಕಿದ್ರು. ನೋಡ್ತಾ ಇರಿ ಅಂದ್ರು ಅಷ್ಟೇ, ಬೇರೆ ವಿವರಣೆ ಏನೂ ಕೊಡ್ಲಿಲ್ಲ.

ನೋಡ್ತಾ ನಿಂತ್ವಿ. ಸ್ವಲ್ಪ ಹೊತ್ತಿಗೆ ಪಟಿಕ ಹಾಕಿದ ಜಾರ್ ಒಳಗೆ ಹತ್ತಿ ಎಳೆ ತರದ್ದು ಕಾಣಿಸ್ಕೊಳ್ತು, ಎಳೆ ಎಳೆ ಸೇರಿ ಉಂಡೆ ಆಗಿ ನಿಧಾನಕ್ಕೆ ಕೆಳಗೆ ಇಳಿಯೋಕೆ ಶುರು ಆಯ್ತು, ಪಕ್ಕದ ಜಾರ್ ಹಾಗೇ ಕೆಂಪಾಗೇ ಇತ್ತು. ಯಾಕೆ ಅಂತ ಒಬ್ಬ ಕೇಳಿದ. ಆಗ ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: ನೀರಲ್ಲಿರೋ ಜೇಡಿಮಣ್ಣಿನ ಕಣಗಳು ತೀರಾ ಸಣ್ಣವು, ಎಲ್ಲದರ ಮೇಲೂ ಒಂದೇ ತರದ ಋಣ ವಿದ್ಯುತ್ ಇರುತ್ತೆ, ಅದಕ್ಕೆ ಒಂದನ್ನೊಂದು ತಳ್ಕೊಂಡು ದೂರ ದೂರ ತೇಲ್ತಾನೇ ಇರ್ತವೆ, ಎಷ್ಟು ದಿನ ಬಿಟ್ರೂ ಪೂರ್ತಿ ಕೂರಲ್ಲ. ಪಟಿಕ ಹೋಗಿ ಆ ತಳ್ಳಾಟ ನಿಲ್ಸುತ್ತೆ, ಆಮೇಲೆ ಅಂಟ್ಕೋತವೆ, ಭಾರ ಆಗಿ ಇಳೀತವೆ. ಆದ್ರೆ ಅವಸರ ಮಾಡಿದ್ರೆ ಇಳಿಯಲ್ಲ, ಅದಕ್ಕೇ ಈ ತೊಟ್ಟಿ ಇಷ್ಟು ದೊಡ್ಡದು, ನೀರು ಇದರಲ್ಲಿ ಗಂಟೆಗಟ್ಟಲೆ ನಿಲ್ಬೇಕು ಅಂದ್ರು.

ನಾನು ಐದಕ್ಕೆ ಐದು ತಗೊಂಡಿದ್ದ ಚಿತ್ರದಲ್ಲಿ ನಾಲ್ಕೂ ಡಬ್ಬಿ ಒಂದೇ ಸೈಜ್ ಇದ್ವು. ಬಾಣದಲ್ಲಿ ಗಂಟೆ ಇರ್ಲಿಲ್ಲ, ಆ ಒದ್ದೆ ಶರ್ಟಿನವರೂ ಇರ್ಲಿಲ್ಲ.

ಆಮೇಲೆ ನಾನೇ ಟೀಚರ್ ಆದೆ, ಹದಿನಾರು ವರ್ಷ ವಿಜ್ಞಾನ ಹೇಳಿಕೊಟ್ಟೆ, ಎಷ್ಟೋ ಸಲ ಮಕ್ಕಳನ್ನ ಹೊರಗೆ ಕರ್ಕೊಂಡು ಹೋದೆ, ಕೆಲವು ಸಲ ಚೆನ್ನಾಗಾಯ್ತು ಕೆಲವು ಸಲ ಪೂರ್ತಿ ದಂಡ ಆಯ್ತು. ಈಗ ಎಲ್ಲಾ ಕಡೆ ಟ್ರಿಪ್ ಅಂದ್ರೆ ಒಂದು ದಿನದ ಪಾಠ ಹಾಳು ಅನ್ನೋ ಮಾತು ಜಾಸ್ತಿ ಕೇಳಿಸ್ತಿದೆ, ಇನ್ನೊಂದು ಕಡೆ ಟ್ರಿಪ್ ಅಂದ್ರೆ ವರ್ಷದ ಕೊನೇಲಿ ಕೊಡೋ ಬಹುಮಾನ ಅನ್ನೋ ತರ ಮಾಡ್ಕೊಂಡಿದಾರೆ. ಎರಡೂ ನನಗೆ ಸಂಕಟ ಆಗುತ್ತೆ, ಅದಕ್ಕೇ ಇದನ್ನ ಬರೀತಿರೋದು.

ಪುಸ್ತಕದಲ್ಲಿರೋದು ಎಲ್ಲೋ ಒಂದು ಕಡೆ ನಿಜವಾಗಿ ಇದೆ, ಅದಕ್ಕೆ ಒಂದು ಅಳತೆ ಇದೆ, ಅದನ್ನ ಯಾರೋ ಒಬ್ಬರು ದಿನಾ ನೋಡ್ಕೋತಾ ಇದಾರೆ. ಇದು ಮಗುವಿಗೆ ಮೈಯಲ್ಲಿ ಗೊತ್ತಾಗೋದು ಅಲ್ಲಿಗೆ ಹೋದಾಗ ಮಾತ್ರ ಅನ್ನೋದು ನನ್ನ ನಂಬಿಕೆ. ಮಾಹಿತಿ ಪುಸ್ತಕದಲ್ಲೂ ಸಿಗುತ್ತೆ ಫೋನಲ್ಲೂ ಸಿಗುತ್ತೆ, ಅದಕ್ಕೆ ಬಸ್ ಮಾಡ್ಕೊಂಡು ಹೋಗೋದು ಬೇಕಿಲ್ಲ.

1788ರಲ್ಲಿ ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಟ್ಟನ್ ತನ್ನ ಇಬ್ಬರು ಗೆಳೆಯರನ್ನ ದೋಣಿಲಿ ಕೂರಿಸ್ಕೊಂಡು ಸಿಕ್ಕರ್ ಪಾಯಿಂಟ್ ಅನ್ನೋ ಸಮುದ್ರದ ಅಂಚಿನ ಬಂಡೆಗೆ ಕರ್ಕೊಂಡು ಹೋಗಿದ್ದ. ಕೆಳಗೆ ನೆಟ್ಟಗೆ ನಿಂತಿರೋ ಬೂದು ಬಣ್ಣದ ಪದರಗಳು, ಅದರ ತಲೆ ಮೇಲೆ ವಾಲಿಕೊಂಡು ಮಲಗಿರೋ ಕೆಂಪು ಮರಳುಗಲ್ಲು. ಒಂದು ಸಲ ಪದರ ಪದರವಾಗಿ ಕೂತು ಕಲ್ಲಾಗಿ, ಮಡಚಿ ಮೇಲೆದ್ದು, ಸವೆದು, ಮತ್ತೆ ಅದರ ಮೇಲೆ ಹೊಸದು ಕೂತಿದೆ ಅಂದ್ರೆ ಅದಕ್ಕೆ ಎಷ್ಟು ಕಾಲ ಬೇಕು? ಗೆಳೆಯರಲ್ಲಿ ಒಬ್ಬ ಜಾನ್ ಪ್ಲೇಫೇರ್, ಗಣಿತದವನು. ಭೂಮಿಗೆ ಊಹಿಸೋಕೂ ಆಗದಷ್ಟು ವಯಸ್ಸಾಗಿದೆ ಅನ್ನೋ ಹಟ್ಟನ್‌ನ ವಾದ ಅವನಿಗೆ ಮೊದಲೇ ಗೊತ್ತಿತ್ತು. ಆದ್ರೂ ಕಾಲದ ಆ ಆಳ ನೋಡಿ ತಲೆ ಸುತ್ತಿದ ಹಾಗಾಯ್ತು ಅಂತ ಅವನು ಆಮೇಲೆ ಬರೆದಿದ್ದು ಆ ಬಂಡೆ ಮುಂದೆ ನಿಂತಿದ್ದನ್ನ ನೆನೆಸ್ಕೊಂಡು. ದೊಡ್ಡವನಾಗಿದ್ದ, ಓದಿಕೊಂಡಿದ್ದ, ಆದ್ರೂ ಅವನಿಗೂ ಆ ಜಾಗಕ್ಕೆ ಹೋಗೋದು ಬೇಕಾಯ್ತು.

ಇದೆಲ್ಲಾ ಭಾವನೆ ಮಾತು, ಲೆಕ್ಕ ಕೊಡಿ ಅನ್ನೋರು ಇರ್ತಾರೆ. ಲೆಕ್ಕ ಇದೆ. ಅಮೆರಿಕದ ಅರ್ಕಾನ್ಸಾಸ್‌ನಲ್ಲಿ 2011ರಲ್ಲಿ ಕ್ರಿಸ್ಟಲ್ ಬ್ರಿಡ್ಜಸ್ ಅನ್ನೋ ದೊಡ್ಡ ಕಲಾ ಮ್ಯೂಸಿಯಂ ಶುರು ಆಯ್ತು. ಮಕ್ಕಳನ್ನ ಕರ್ಕೊಂಡು ಬರ್ತೀವಿ ಅಂತ ಅಷ್ಟೊಂದು ಸ್ಕೂಲ್‌ಗಳು ಅರ್ಜಿ ಹಾಕಿದ್ವು, ಎಲ್ಲರನ್ನೂ ಒಟ್ಟಿಗೆ ಕರೆಯೋಕೆ ಆಗ್ಲಿಲ್ಲ. ಜೇ ಗ್ರೀನ್ ಮತ್ತೆ ಅವರ ಜೊತೆಗಿದ್ದ ಸಂಶೋಧಕರು ಇದನ್ನೇ ಒಂದು ಅವಕಾಶ ಮಾಡ್ಕೊಂಡು ಯಾರು ಮೊದಲು ಹೋಗೋದು ಯಾರು ಆಮೇಲೆ ಅಂತ ಲಾಟರಿ ಎತ್ತಿದ್ರು, ಹಾಗಾಗಿ ಹೋದವರನ್ನೂ ಇನ್ನೂ ಹೋಗದೇ ಇರೋರನ್ನೂ ನ್ಯಾಯವಾಗಿ ಹೋಲಿಸೋಕೆ ಆಯ್ತು. 123 ಸ್ಕೂಲು, ಹತ್ತಿರ ಹತ್ತಿರ 11,000 ಮಕ್ಕಳು. ಅವರು ನೋಡಿದ್ದು ಅರ್ಧ ದಿನದ ಒಂದು ಭೇಟಿ ಅಷ್ಟೇ. ವಾರಗಳು ಕಳೆದ ಮೇಲೆ ಕೇಳಿದ್ರೂ ಮಕ್ಕಳಿಗೆ ಚಿತ್ರಗಳ ಹಿಂದಿನ ಇತಿಹಾಸ ಚೆನ್ನಾಗಿ ನೆನಪಿತ್ತು. ಅದಕ್ಕಿಂತ ಮುಖ್ಯ, ಅವರು ಹಿಂದೆಂದೂ ನೋಡಿರದ ಹೊಸ ಚಿತ್ರ ಕೊಟ್ಟು ಇದರ ಬಗ್ಗೆ ಬರೀರಿ ಅಂದಾಗ ಹೋಗಿಬಂದ ಮಕ್ಕಳು ಜಾಸ್ತಿ ಗಮನಿಸಿ ಬರೆದ್ರು. ಬೇರೆಯವರ ಅಭಿಪ್ರಾಯ ಸಹಿಸೋದ್ರಲ್ಲಿ, ಹಿಂದಿನ ಕಾಲದ ಜನ ಹೇಗೆ ಬದುಕಿದ್ರು ಅಂತ ಊಹಿಸೋದ್ರಲ್ಲಿ ಕೂಡ ವ್ಯತ್ಯಾಸ ಕಾಣಿಸ್ತು. ಹಳ್ಳಿ ಕಡೆಯ ಸ್ಕೂಲುಗಳ ಮತ್ತೆ ಬಡತನ ಜಾಸ್ತಿ ಇರೋ ಸ್ಕೂಲುಗಳ ಮಕ್ಕಳಿಗೆ ಇದರ ಪ್ರಯೋಜನ ಸಾಮಾನ್ಯವಾಗಿ ಇನ್ನೂ ದೊಡ್ಡದಿತ್ತು. ಈ ಕೊನೇ ಮಾತಿಗೆ ಮತ್ತೆ ಬರ್ತೀನಿ.

ಇನ್ನೊಂದು ಅಧ್ಯಯನ ಹಳೇದು, 1997ರದ್ದು, ಜಾನ್ ಫಾಕ್ ಮತ್ತೆ ಲಿನ್ ಡಿಯರ್ಕಿಂಗ್ ಮಾಡಿದ್ದು. 128 ಜನರನ್ನ, ಅದರಲ್ಲಿ ಮಕ್ಕಳೂ ದೊಡ್ಡವರೂ ಇದ್ರು, ಕೂರಿಸಿ ಸ್ಕೂಲಲ್ಲಿ ಚಿಕ್ಕವರಿದ್ದಾಗ ಹೋದ ಟ್ರಿಪ್ ಬಗ್ಗೆ ಕೇಳಿದ್ರು. ನೂರಕ್ಕೆ 96 ಜನಕ್ಕೆ ಒಂದಾದ್ರೂ ಟ್ರಿಪ್ ನೆನಪಿತ್ತು, ಅಲ್ಲಿ ಕಲಿತ ವಿಷಯ ಇಂಥದ್ದು ಅಂತ ಬಿಡಿಸಿ ಹೇಳೋಕೂ ಆಯ್ತು. ಯಾವ ಮಂಗಳವಾರದ ಯಾವ ಪೀರಿಯಡ್‌ನ ನಾವು ಹಾಗೆ ನೆನಪಿಟ್ಕೊಂಡಿದೀವಿ ಹೇಳಿ. ನಾನು ಪಾಠ ಮಾಡಿದ ಸಾವಿರಾರು ಪೀರಿಯಡ್ ನನಗೇ ನೆನಪಿಲ್ಲ.

ಆದ್ರೆ ಕರ್ಕೊಂಡು ಹೋದ ಮಾತ್ರಕ್ಕೆ ಎಲ್ಲಾ ಆಗುತ್ತೆ ಅನ್ನೋದು ಸುಳ್ಳು. ಟೀಚರ್ ಆದ ಎರಡನೇ ವರ್ಷ ನಾನು ಒಂದು ಮ್ಯೂಸಿಯಂಗೆ ಮಕ್ಕಳನ್ನ ಕರ್ಕೊಂಡು ಹೋದಾಗ ನಲವತ್ತು ಪ್ರಶ್ನೆ ಇರೋ ಹಾಳೆ ಮಾಡಿ ಕೊಟ್ಟಿದ್ದೆ. ಸಮಯ ವ್ಯರ್ಥ ಆಗ್ಬಾರ್ದು ಅಂತ. ಏನಾಯ್ತು ಅಂದ್ರೆ ಮಕ್ಕಳು ವಸ್ತು ನೋಡ್ಲೇ ಇಲ್ಲ, ವಸ್ತು ಕೆಳಗಿನ ಲೇಬಲ್ ನೋಡಿದ್ರು. ಉತ್ತರ ಸಿಕ್ತಾ ಬರ್ಕೋ ಮುಂದಕ್ಕೆ ಓಡು. ಅಲ್ಲೊಂದು ದೊಡ್ಡ ಪ್ರಾಣಿಯ ಅಸ್ಥಿಪಂಜರ ಇತ್ತು, ಅದರ ಪಕ್ಕೆಲುಬುಗಳ ಕೆಳಗೆ ನಿಂತು ಒಬ್ಬ ಹುಡುಗ ತಲೆ ಎತ್ತಿ ಬಾಯಿ ಬಿಟ್ಟು ನೋಡ್ತಾ ಇದ್ದ. ನಾನು ಹೋಗಿ, ಇನ್ನೂ ಹದಿಮೂರನೇ ಪ್ರಶ್ನೇಲೇ ಇದೀಯಾ ಬೇಗ ಬೇಗ ಮುಗಿಸು ಅಂದೆ. ಅವನು ತಲೆ ಬಗ್ಗಿಸಿ ಹಾಳೆ ನೋಡಿದ. ಅವತ್ತು ಆ ಹುಡುಗ ಒಬ್ಬನೇ ಸರಿಯಾಗಿ ಕಲೀತಾ ಇದ್ದಿದ್ದು, ನಾನೇ ಹೋಗಿ ತಪ್ಪಿಸಿದೆ. ಈಗ್ಲೂ ನೆನಪಾದ್ರೆ ಬೇಜಾರಾಗುತ್ತೆ, ಅವನ ಹತ್ರ ಹೋಗಿ ಕ್ಷಮೆ ಕೇಳ್ಬೇಕು ಅನ್ಸುತ್ತೆ.

ಅದಾದ ಮೇಲೆ ನಾನು ಓದೋಕೆ ಶುರು ಮಾಡಿದೆ. ಮಕ್ಕಳಿಗೆ ಜಾಗ ತೀರಾ ಹೊಸದಾದ್ರೆ ಅವರ ಗಮನ ಎಲ್ಲಾ ಆ ಜಾಗಕ್ಕೆ ಹೊಂದ್ಕೊಳ್ಳೋದ್ರಲ್ಲೇ ಹೋಗಿಬಿಡುತ್ತೆ, ನಾವು ಕಲಿಸಬೇಕು ಅಂದ್ಕೊಂಡಿದ್ದು ಹಿಂದೆ ಬೀಳುತ್ತೆ ಅಂತ ಇದೇ ಫಾಕ್ ಮತ್ತೆ ಅವರ ಜೊತೆಗಾರರು 1978ರಲ್ಲೇ ತೋರಿಸಿದ್ರು. 1994ರಲ್ಲಿ ಓರಿಯನ್ ಮತ್ತೆ ಹಾಫ್‌ಸ್ಟೀನ್ ಅನ್ನೋರು ಭೂವಿಜ್ಞಾನದ ಟ್ರಿಪ್‌ಗಳನ್ನ ನೋಡಿ ಈ ಹೊಸತನದಲ್ಲಿ ಮೂರು ಭಾಗ ಇದೆ ಅಂದ್ರು. ವಿಷಯ ಹೊಸದು, ಜಾಗ ಹೊಸದು, ಆಮೇಲೆ ಅವತ್ತಿನ ದಿನ ಹೇಗಿರುತ್ತೆ ಅನ್ನೋದೇ ಹೊಸದು. ಮೂರನ್ನೂ ಮೊದಲೇ ಕಮ್ಮಿ ಮಾಡಿದ್ರೆ ಮಕ್ಕಳು ಅಲ್ಲಿ ಹೋದ ಮೇಲೆ ನಿಜವಾಗಿ ಕಲೀತಾರೆ.

ಓದಿದಾಗ ಇಷ್ಟು ಸಣ್ಣ ವಿಷಯ ನಮಗೆ ಯಾಕೆ ಹೊಳೀಲಿಲ್ಲ ಅನ್ನಿಸ್ತು. ಟ್ರಿಪ್ ದಿನ ಬಸ್ಸಲ್ಲಿ ಮಕ್ಕಳು ಏನು ಕೇಳ್ತಾರೆ? ಊಟ ಎಷ್ಟೊತ್ತಿಗೆ, ಟಾಯ್ಲೆಟ್ ಎಲ್ಲಿದೆ, ನಾನು ಯಾರ ಗುಂಪು, ಕಳೆದುಹೋದ್ರೆ ಏನು ಮಾಡೋದು. ಇದು ತಲೇಲಿ ಓಡ್ತಿರೋವರೆಗೂ ಬೇರೇದಕ್ಕೆ ಜಾಗ ಇಲ್ಲ. ಅವತ್ತಿಂದ ನಾನು ಒಂದು ವಾರ ಮೊದಲೇ ಬೋರ್ಡ್ ಮೇಲೆ ಆ ಜಾಗದ ನಕ್ಷೆ ಬರೀತಿದ್ದೆ, ಇಲ್ಲಿ ಇಳೀತೀವಿ, ಇಲ್ಲಿ ನೀರಿದೆ, ಇಲ್ಲಿ ಕೂತು ಊಟ, ಇಲ್ಲಿ ತುಂಬಾ ನಡೀಬೇಕು ಸುಸ್ತಾಗುತ್ತೆ, ಇಷ್ಟು ಗಂಟೆಗೆ ವಾಪಸ್. ಒಂದು ಗಂಟೆ ಅದಕ್ಕೇ ಹೋಗ್ತಿತ್ತು. ಸ್ಟಾಫ್ ರೂಮಲ್ಲಿ ಇದಕ್ಕೆಲ್ಲಾ ಪೀರಿಯಡ್ ಹಾಳು ಮಾಡ್ತೀರಲ್ಲ ಅಂದೋರು ಇದ್ರು. ಆದ್ರೆ ಆ ಗಂಟೆ ಕೊಟ್ಟ ಮೇಲೆ ಮಕ್ಕಳು ಬೇರೆ ತರಾನೇ ನೋಡ್ತಿದ್ರು.

ನೋಡೋದು ಅಂದ್ರೆ ಕಣ್ಣಿದ್ರೆ ಸಾಕು ಅಂತಲ್ಲ. ಇದಕ್ಕೆ ನಾನು ಯಾವಾಗ್ಲೂ ಹೇಳೋ ಕಥೆ ಡಾರ್ವಿನ್‌ದು. 1831ರ ಆಗಸ್ಟಲ್ಲಿ, ಅವನಿಗೆ ಆಗ 22 ವರ್ಷ, ಭೂವಿಜ್ಞಾನದ ಪ್ರೊಫೆಸರ್ ಆಡಮ್ ಸೆಡ್ಜ್‌ವಿಕ್ ಅವನನ್ನ ಉತ್ತರ ವೇಲ್ಸ್‌ಗೆ ಕರ್ಕೊಂಡು ಹೋದ್ರು. ಆ ಮೇಷ್ಟ್ರು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಬಾ ನನ್ನ ಹಿಂದೆ ಅನ್ನೋ ಬದಲು ಎಷ್ಟೋ ಸಲ ಅವನನ್ನ ತಮ್ಮ ದಾರಿಗೆ ಸಮನಾಗಿ ಇನ್ನೊಂದು ದಾರೀಲಿ ಒಬ್ಬನನ್ನೇ ಕಳಿಸ್ತಿದ್ರು, ಕಲ್ಲಿನ ಮಾದರಿ ತಗೊಂಡು ಬಾ, ಪದರ ಹೇಗಿದೆ ನಕ್ಷೆಲಿ ಗುರುತು ಮಾಡು ಅಂತ. ನಂಬಿಕೆ ಇಟ್ಟು ಕಳಿಸೋದು. ಆ ಟ್ರಿಪ್ ಮುಗಿಸಿ ಮನೆಗೆ ಬಂದಾಗ್ಲೇ ಬೀಗಲ್ ಅನ್ನೋ ಹಡಗಲ್ಲಿ ಲೋಕ ಸುತ್ತೋ ಪ್ರಯಾಣಕ್ಕೆ ಕರೆ ಬಂದಿರೋ ಪತ್ರ ಅವನಿಗೆ ಕಾದಿದ್ದು.

ಆದ್ರೆ ಕಥೆಯ ಇನ್ನೊಂದು ಭಾಗ ಅದಕ್ಕಿಂತ ದೊಡ್ಡದು. ಅದೇ ಟ್ರಿಪ್‌ನಲ್ಲಿ ಅವರಿಬ್ಬರೂ ಕ್ವಮ್ ಇಡ್‌ವಾಲ್ ಅನ್ನೋ ಕಣಿವೇಲಿ ಗಂಟೆಗಟ್ಟಲೆ ಬಂಡೆ ನೋಡ್ತಾ ಪಳೆಯುಳಿಕೆ ಹುಡುಕಿದ್ರು. ಆ ಕಣಿವೆ ಪೂರ್ತಿ ಹಿಮನದಿ ಕೊರೆದದ್ದು, ಬಂಡೆ ಮೇಲೆ ಗೀರು, ಹಿಮ ಹೊತ್ತು ತಂದು ಬಿಟ್ಟುಹೋದ ಕಲ್ಲು, ಎಲ್ಲಾ ಕಣ್ಣೆದುರಿಗೇ ಇತ್ತು. ಇಬ್ಬರಿಗೂ ಕಾಣಿಸ್ಲಿಲ್ಲ. ಹಿಮಯುಗದ ವಿಚಾರ ಆಗ ಇನ್ನೂ ಅವರ ಮುಂದೆ ಇರ್ಲಿಲ್ಲ. ಹನ್ನೊಂದು ವರ್ಷ ಆದ್ಮೇಲೆ, 1842ರಲ್ಲಿ, ಡಾರ್ವಿನ್ ಮತ್ತೆ ಅಲ್ಲಿಗೆ ಹೋದ, ಅಷ್ಟರಲ್ಲಿ ಹಿಮನದಿಗಳ ಬಗ್ಗೆ ಓದಿದ್ದ, ಎಲ್ಲಾ ಕಾಣಿಸ್ತು. ಬೆಂಕಿ ಬಿದ್ದು ಸುಟ್ಟ ಮನೆ ಕೂಡ ತನ್ನ ಕಥೆನ ಇಷ್ಟು ಸ್ಪಷ್ಟವಾಗಿ ಹೇಳಲ್ಲ ಅನ್ನೋ ಅರ್ಥದಲ್ಲಿ ಬರೆದ. ಡಾರ್ವಿನ್‌ಗೇ ಹಾಗಾದ್ರೆ ನಮ್ಮ ಏಳನೇ ಕ್ಲಾಸಿನ ಮಕ್ಕಳಿಗೆ ಏನೂ ಹೇಳದೇ ಕರ್ಕೊಂಡು ಹೋಗಿ, ನೋಡಿ ಅಂದ್ರೆ ಅವರು ಏನು ನೋಡ್ಬೇಕು? ದೇಶ ಸುತ್ತು ಕೋಶ ಓದು ಅಂತಾರಲ್ಲ, ಅದು ಎರಡು ಬೇರೆ ಕೆಲಸ ಅಲ್ಲ, ಓದಿ ಹೋಗಿ ಬಂದು ಮತ್ತೆ ಅದೇ ಪುಟ ಓದೋದು. ಟ್ರಿಪ್ ಆದ ಮಾರನೇ ದಿನ ಹೊಸ ಪಾಠ ಶುರು ಮಾಡೋ ಸ್ಕೂಲ್ ನೋಡಿದ್ರೆ ನನಗೆ ತುಂಬಾ ಬೇಸರ ಆಗುತ್ತೆ, ಆ ದಿನ ಅದೇ ಹಳೇ ಪುಟ ತೆಗೀಬೇಕು, ಇದರಲ್ಲಿ ಏನು ತಪ್ಪಿದೆ ಏನು ಬಿಟ್ಟಿದಾರೆ ಹೇಳಿ ಅಂತ ಕೇಳ್ಬೇಕು.

ಇನ್ನು ಜಾಗದ ವಿಷಯ. ದೂರದ್ದು, ದುಡ್ಡಿಂದು, ಹೆಸರು ಮಾಡಿರೋದೇ ಆಗ್ಬೇಕು ಅಂತಿಲ್ಲ. ಫ್ರಾಂಕ್ ಒಪೆನ್‌ಹೈಮರ್ ಅಂತ ಒಬ್ಬರು ಭೌತವಿಜ್ಞಾನಿ ಇದ್ರು, ಅಣುಬಾಂಬಿನ ರಾಬರ್ಟ್ ಒಪೆನ್‌ಹೈಮರ್ ಅವರ ತಮ್ಮ. ರಾಜಕೀಯ ಕಾರಣಕ್ಕೆ ಯೂನಿವರ್ಸಿಟಿ ಕೆಲಸ ಕಳ್ಕೊಂಡು ದನ ಸಾಕ್ಕೊಂಡಿದ್ದು ಆಮೇಲೆ ಕೊಲೊರಾಡೋದ ಒಂದು ಸಣ್ಣ ಊರಿನ ಹೈಸ್ಕೂಲಲ್ಲಿ ಪಾಠ ಹೇಳಿದ್ರು. ಅವರು ಮಕ್ಕಳನ್ನ ಗುಜರಿ ಬಿದ್ದಿರೋ ಜಾಗಕ್ಕೆ ಕರ್ಕೊಂಡು ಹೋಗ್ತಿದ್ರು, ಅಲ್ಲಿ ಎಸೆದ ಯಂತ್ರಗಳ ಭಾಗ ಹುಡುಕಿಸಿ ಅದರಲ್ಲೇ ಯಂತ್ರ, ಶಾಖ, ವಿದ್ಯುತ್ ಪಾಠ. ಅದೇ ಮನುಷ್ಯ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಶುರು ಮಾಡಿದ್ದು, ಎಲ್ಲವನ್ನೂ ಮುಟ್ಟಿ ತಿರುಗಿಸಿ ನೋಡಬಹುದಾದ ಮ್ಯೂಸಿಯಂ. ಸ್ಕೂಲ್ ಹಿಂದಿನ ಮಳೆನೀರಿನ ಚರಂಡಿ, ಪಕ್ಕದ ಪ್ರಿಂಟಿಂಗ್ ಪ್ರೆಸ್, ಬೇಕರಿ ಒಲೆ, ಅಂಚೆ ವಿಂಗಡಣೆ, ಯಾವುದಾದ್ರೂ ಆಗುತ್ತೆ.

ಇದನ್ನ ಒತ್ತಿ ಹೇಳ್ತಿರೋದು ಯಾಕಂದ್ರೆ ಒಂಬತ್ತನೇ ಕ್ಲಾಸಲ್ಲಿ ನಾನು ಟ್ರಿಪ್‌ಗೆ ಹೋಗ್ಲಿಲ್ಲ. ಎರಡು ದಿನದ್ದು, ದುಡ್ಡು ಜಾಸ್ತಿ ಇತ್ತು. ಮನೇಲಿ ಕೇಳೋಕೇ ಹೋಗ್ಲಿಲ್ಲ, ಕೇಳಿದ್ರೆ ಎಲ್ಲಿಂದಾದ್ರೂ ತಂದು ಕೊಡ್ತಿದ್ರು ಅಂತ ಗೊತ್ತಿತ್ತು ಅದಕ್ಕೇ ಕೇಳ್ಲಿಲ್ಲ. ಜ್ವರ ಅಂತ ಹೇಳಿದೆ. ಹೋಗದೇ ಇದ್ದೋರು ಐದಾರು ಜನ ಆ ಎರಡು ದಿನ ಖಾಲಿ ಕ್ಲಾಸಲ್ಲಿ ಕೂತಿದ್ವಿ, ಯಾರೂ ಯಾರನ್ನೂ ಯಾಕೆ ಹೋಗ್ಲಿಲ್ಲ ಅಂತ ಕೇಳ್ಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಕ್ಲಾಸಲ್ಲಿ ಅವತ್ತು ಬಸ್ಸಲ್ಲಿ, ಅವತ್ತು ರಾತ್ರಿ ಅಂತ ಮಾತು ಬಂದಾಗೆಲ್ಲಾ ನಾವು ಸುಮ್ನೆ ನಗ್ತಿದ್ವಿ. ಯಾರಿಗೆ ಇದರಿಂದ ಜಾಸ್ತಿ ಲಾಭವೋ ಅವರೇ ಉಳ್ಕೊಳ್ಳೋದು. ಮನೆಯವರೇ ಊರೂರು ಸುತ್ತಿಸೋ ಮಗುವಿಗೆ ಸ್ಕೂಲ್ ಟ್ರಿಪ್ ಇನ್ನೊಂದು ಟ್ರಿಪ್ ಅಷ್ಟೇ. ಇಡೀ ಕ್ಲಾಸ್ ಹೋಗೋಕೆ ಆಗದ ಜಾಗಕ್ಕೆ ಯಾರೂ ಹೋಗ್ಬಾರ್ದು, ಎಲ್ಲರೂ ನಡ್ಕೊಂಡು ಹೋಗಬಹುದಾದ ಚರಂಡಿಗೇ ಹೋಗ್ಲಿ. ಟೀಚರ್ ಆದ ಮೇಲೆ ಈ ಒಂದು ವಿಷಯಕ್ಕೆ ಮಾತ್ರ ನಾನು ಜಗಳ ಆಡಿದೀನಿ.

ವಿಡಿಯೋದಲ್ಲಿ ತೋರಿಸೋ ಟ್ರಿಪ್ ಬಗ್ಗೆ ಕೇಳ್ತಾರೆ. ಸಮುದ್ರದ ತಳ, ಜ್ವಾಲಾಮುಖಿ, ಬಾಹ್ಯಾಕಾಶ, ಹೋಗೋಕೇ ಆಗದ ಕಡೆಗೆ ಅದು ಒಳ್ಳೇದೇ, ಹಾಸಿಗೆ ಹಿಡಿದಿರೋ ಮಗುವಿಗೂ ಒಳ್ಳೇದು. ಆದ್ರೆ ಕ್ಯಾಮೆರಾ ಯಾರದ್ದೋ, ಅವರು ಎಲ್ಲಿ ತಿರುಗಿಸಿದ್ರೋ ಅಲ್ಲೇ ನೋಡ್ಬೇಕು.

ವ್ಯಕ್ತಿತ್ವ ಬೆಳವಣಿಗೆ ಅಂತ ದೊಡ್ಡ ಪದ ಹಾಕ್ತಾರಲ್ಲ, ನಾನು ನೋಡಿದ್ದು ತುಂಬಾ ಚಿಕ್ಕ ಚಿಕ್ಕ ಸಂಗತಿ. ಬಸ್ಸಲ್ಲಿ ವಾಂತಿ ಮಾಡ್ಕೊಂಡ ಹುಡುಗಿಗೆ ತನ್ನ ನೀರಿನ ಬಾಟಲಿ ಪೂರ್ತಿ ಕೊಟ್ಟು ಆಮೇಲೆ ಸಂಜೆವರೆಗೂ ಬಾಯಾರಿಕೆ ಅಂತ ಹೇಳದೇ ಇದ್ದ ಹುಡುಗಿ. ಕ್ಲಾಸಲ್ಲಿ ಯಾವಾಗ್ಲೂ ಬೈಸ್ಕೊಳ್ಳೋ ಹುಡುಗನಿಗೆ ತಲೆ ಎಣಿಸೋ ಕೆಲಸ ಕೊಟ್ಟಿದ್ದೆ, ಪ್ರತಿ ಸಲ ಬಸ್ ಹತ್ತೋವಾಗ ನಲವತ್ತೆರಡು ಅಂತ ನನ್ನ ಹತ್ರ ಬಂದು ಹೇಳಬೇಕು. ಒಂದು ಸಲ ನಲವತ್ತೊಂದು ಅಂದ. ನಾನು ಎಣಿಸಿದ್ರೆ ನಲವತ್ತೆರಡೇ ಬಂತು, ನಿನ್ನದು ತಪ್ಪು ಹೊರಡೋಣ ಅಂದೆ. ಇಲ್ಲ ಸರ್, ನೀವು ಕಂಡಕ್ಟರ್ ಅಣ್ಣನ ಮಗನ್ನೂ ಸೇರಿಸಿದೀರ ಅಂದ. ಹೌದಾಗಿತ್ತು. ನಮ್ಮ ಒಬ್ಬಳು ಇನ್ನೂ ಕೈ ತೊಳೀತಾ ಇದ್ಲು. ಅವತ್ತಿನ ನಂತರ ಆ ಹುಡುಗನ್ನ ನಾನು ನೋಡೋ ರೀತಿ ಬದಲಾಯ್ತು, ಅವನು ನನ್ನನ್ನ ನೋಡೋ ರೀತೀನೂ.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಮಕ್ಕಳನ್ನ ಒಂದು ನೀರಿನ ಘಟಕಕ್ಕೆ ಕರ್ಕೊಂಡು ಹೋದೆ. ಪ್ರಶ್ನೆ ಹಾಳೆ ಕೊಡ್ಲಿಲ್ಲ, ಒಂದು ಖಾಲಿ ಪುಟ ಕೊಟ್ಟೆ, ನನ್ನ ಕಣ್ಣಿಗೆ ಬೀಳದೇ ಇದ್ದಿದ್ದು ಏನಾದ್ರೂ ನಿಮಗೆ ಕಂಡ್ರೆ ಬರ್ಕೊಂಡು ಬನ್ನಿ ಅಂದೆ. ಬಹಳಷ್ಟು ಜನ ಮರಳು ತೊಟ್ಟಿ ತೊಳೆಯೋಕೆ ನೀರನ್ನ ಕೆಳಗಿಂದ ಮೇಲಕ್ಕೆ ಉಲ್ಟಾ ಬಿಡೋದನ್ನ ಬರೆದಿದ್ರು, ಅದು ಕುದಿಯೋ ತರ ಕಾಣುತ್ತೆ, ಎಲ್ಲರಿಗೂ ಇಷ್ಟ ಆಗುತ್ತೆ. ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಮಾತ್ರ ಎರಡೇ ಸಾಲು ಬರೆದಿದ್ಲು. ಪಂಪ್ ರೂಮ್ ಮೂಲೇಲಿ ಒಂದು ಮಡಚಿದ ಚಾಪೆ ಇತ್ತು. ರಾತ್ರಿ ಇಲ್ಲಿ ಯಾರು ಮಲಗ್ತಾರೆ?

ನನಗೆ ಆ ಚಾಪೆ ಕಂಡಿರ್ಲಿಲ್ಲ. ಕ್ಲಾಸಲ್ಲಿ ಓದಿದೆ, ಆಮೇಲೆ ಎಲ್ಲರೂ ಸೇರಿ ಆ ಘಟಕಕ್ಕೇ ಒಂದು ಕಾಗದ ಬರೆದ್ವಿ, ಅವಳ ಪ್ರಶ್ನೇನೇ ಮೊದಲನೇದು. ಮೂರು ವಾರ ಆದ್ಮೇಲೆ ಉತ್ತರ ಬಂತು, ಕೈಬರಹದಲ್ಲಿ. ಯಾರೂ ಮಲಗಲ್ಲಮ್ಮ, ಮೂರು ಶಿಫ್ಟ್ ಇದೆ, ರಾತ್ರಿ ಶಿಫ್ಟಿನವರು ಬೆನ್ನು ನೋವಾದಾಗ ಸ್ವಲ್ಪ ಹೊತ್ತು ಕೂರೋಕೆ ಚಾಪೆ ಹಾಸ್ಕೋತಾರೆ, ಒಂದೊಂದು ಗಂಟೆಗೂ ನೀರು ತೆಗೆದು ಪರೀಕ್ಷೆ ಮಾಡ್ಬೇಕು, ರಜೆ ಅನ್ನೋದು ನೀರಿಗೆ ಇಲ್ಲ ಅಂತ ಬರೆದಿದ್ರು. ಅವಳೇ ಎದ್ದು ನಿಂತು ಅದನ್ನ ಓದಿದ್ಲು, ಆ ವರ್ಷ ಕ್ಲಾಸಲ್ಲಿ ಅವಳು ಜೋರಾಗಿ ಓದಿದ್ದು ಅದೇ ಮೊದಲು. ಓದಿ ಮುಗಿಸಿ ಕಾಗದ ಮಡಚಿ ಕೈಯಲ್ಲೇ ಇಟ್ಕೊಂಡು, ಸರ್, ರಾತ್ರಿ ಹೊತ್ತು ಒಂದು ಸಲ ಹೋಗೋಣ್ವಾ ಅಂತ ಕೇಳಿದ್ಲು.